ಹಿತ್ತಿಲಿನ ಟೊಮೆಟೊ: ಸಸಿ ಮಾಡುವ ಕ್ರಮವೂ ಸಂರಕ್ಷಣೆಯೂ

ಅಡಿಗೆಯಲ್ಲಿ ನಿತ್ಯವೂ ಉಪಯೋಗವಾಗುವ ತರಕಾರಿಗಳಲ್ಲಿ ಟೊಮೆಟೊ ಹಣ್ಣಿಗೆ ದೊರೆತಿರುವ ಸ್ಥಾನವನ್ನು ನಮ್ಮ ವಾಚಕರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಆದರೆ ಬಂಟವಾಳ, ಬೆಳ್ತಂಗಡಿ, ಮೂಡಬಿದ್ರೆಗಳ ಅಂಗಡಿಗಳಲ್ಲಿ ಮಾರುವ ಹಣ್ಣು ಬಹುಮಟ್ಟಿಗೆ ಘಟ್ಟದ ಮೇಲಿನಿಂದ ಇಳಿದು ಬರತಕ್ಕದ್ದು. ೨೦೨೩ನೆಯ ಇಸವಿಯ ಜುಲೈ ತಿಂಗಳಲ್ಲಿ ಕಿಲೋ ಒಂದರ ಬೆಲೆಯು ನೂರು ರೂಪಾಯಿಗಳನ್ನು ಮೀರಿದಾಗ, ಹಿತ್ತಿಲಲ್ಲಿ ನಾಲ್ಕು ಗಿಡಗಳಾದರೂ ಇರಬೇಕಾಗಿತ್ತೆಂದು ಎಣಿಸದ ಗೃಹಿಣಿಯರು ವಿರಳ. ಹಾಗೆ ಎಣಿಸಿ ನೆಟ್ಟವರಲ್ಲಿ ಅನೇಕರು ಒಂದೇ ವರ್ಷದಲ್ಲಿ ಬೇಸತ್ತು ಬಿಟ್ಟದ್ದೂ ಉಂಟು.

ಅವರ ದೂರು ಎಲ್ಲ ಕಡೆಯಲ್ಲಿಯೂ ಒಂದೇ. ಗಿಡವು ಸೊಂಪಾಗಿ ಬೆಳೆದು ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ, ಎಲೆಗಳು ಹಸುರಾಗಿರುವಾಗಲೇ ಬಾಡಿ ಜೋಲುತ್ತವೆ. ಎರಡು ಮೂರು ದಿನಗಳಲ್ಲಿ ಗಿಡ ಸಾಯುತ್ತದೆ. ಬಾಯಾರಿಕೆಯಿಂದ ಬಾಡಿತೆಂದು ತಿಳಿದು ಕೊಡಗಟ್ಟಲೆ ನೀರು ಹೊಯ್ದರೆ ಪಕ್ಕದ ಗಿಡವೂ ಅದೇ ಗತಿಯನ್ನು ಕಾಣುತ್ತದೆ. ಆಗ ಅಂಗಡಿಯಿಂದ ಔಷಧ ತಂದು ಎಲೆಗಳ ಮೇಲೆ ಸಿಂಪಡಿಸಿದರೂ ಪ್ರಯೋಜನವಾಗದು. ಯಾಕಂದರೆ ಶತ್ರುವು ಎಲೆಯ ಮೇಲಿಲ್ಲ, ಬೇರಿನಲ್ಲಿದೆ. ಟೊಮೆಟೊ ಗಿಡದ ಸಂರಕ್ಷಣೆಯು ಹುಳ ಕಂಡ ದಿನದಿಂದಲ್ಲ, ಬೀಜವನ್ನೂ ನೆಲವನ್ನೂ ಆರಿಸುವ ದಿನದಿಂದಲೇ ಆರಂಭವಾಗತಕ್ಕದ್ದು ಎಂಬುದೇ ಈ ಲೇಖನದ ತಾತ್ಪರ್ಯವಾಗಿದೆ.

ಈ ವ್ಯಾಧಿಗೆ ದುಂಡಾಣು ಸೊರಗು ರೋಗವೆಂದು ಹೆಸರು. ಇದಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಅಮೆರಿಕಾ ದೇಶದ ಎರ್ವಿನ್ ಸ್ಮಿತ್ ಎಂಬ ವಿದ್ವಾಂಸರು ೧೮೯೬ರಲ್ಲಿ ವರ್ಣಿಸಿದರು. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿದ್ದು, ಬೇರಿನ ಗಾಯಗಳಿಂದ ಒಳಹೊಕ್ಕು, ನೀರನ್ನು ಮೇಲಕ್ಕೊಯ್ಯುವ ನಾಳಗಳನ್ನು ಮುಚ್ಚಿಬಿಡುತ್ತದೆ. ಆದುದರಿಂದ ನೆಲದಲ್ಲಿ ನೀರಿದ್ದರೂ ಗಿಡವು ಬಾಡುತ್ತದೆ. ಸೆಕೆಯೂ ತೇವವೂ ಈ ಸೂಕ್ಷ್ಮಾಣುವಿಗೆ ಬಹು ಹಿತ. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯ ಹುಳಿಗುಣದ ಮುರಕಲ್ಲು ಮಣ್ಣು ಅದಕ್ಕೆ ಒಳ್ಳೆಯ ನೆಲೆಯಾಗಿದೆ. ರೋಗವನ್ನು ಗುರುತಿಸಲು ಒಂದು ಸುಲಭೋಪಾಯವುಂಟು. ಬಾಡಿದ ಗಿಡದ ಕಾಂಡವನ್ನು ಬುಡದ ಬಳಿ ಕತ್ತರಿಸಿ, ತಿಳಿನೀರಿರುವ ಗಾಜಿನ ಲೋಟದಲ್ಲಿ ತುದಿಯು ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆಗಳು ಇಳಿದು ಬಂದರೆ ಈ ರೋಗವೆಂದೇ ತಿಳಿಯಬೇಕು. ಅಂಥ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಗೊಬ್ಬರದ ಗುಂಡಿಗೆ ಹಾಕಲೇಬಾರದು.

ಇನ್ನು ಕಾಲ ಮತ್ತು ಸ್ಥಳದ ವಿಚಾರ. ಮಳೆಗಾಲದ ಬಿರುಸು ಕಳೆದ ಮೇಲೆ, ಸಪ್ಟೆಂಬರ ಕೊನೆಯಲ್ಲಿ ಬೀಜ ಹಾಕಿ ಅಕ್ಟೋಬರ ಕೊನೆಗೆ ಸಸಿ ನೆಡುವುದು ನಮ್ಮ ಸೀಮೆಗೆ ಅನುಕೂಲ. ಬದನೆ, ಮೆಣಸು, ಟೊಮೆಟೊ ಇವೆಲ್ಲವೂ ಒಂದೇ ಕುಟುಂಬಕ್ಕೆ ಸೇರಿದವುಗಳಾದ್ದರಿಂದ, ಒಂದನ್ನು ಬೆಳೆದ ಜಾಗದಲ್ಲಿ ಮರುವರ್ಷ ಇನ್ನೊಂದನ್ನು ನೆಡಬಾರದು. ಎಣೆಲು ಕೊಯ್ಲಾದ ಮಜಲು ಗದ್ದೆಯುಳ್ಳವರು ಅಲ್ಲಿ ಏರಿ ಮಾಡಿ ನೆಡುವುದು ಬಹಳ ಉತ್ತಮ. ಬತ್ತದ ಬೆಳೆಗಾಗಿ ತಿಂಗಳುಗಟ್ಟಲೆ ನೀರು ನಿಂತ ಮಣ್ಣಿನಲ್ಲಿ ಈ ರೋಗದ ಬಲ ಕುಗ್ಗಿರುತ್ತದೆ. ಗದ್ದೆಯಿಲ್ಲದವರು ಕುಂಡಗಳಲ್ಲಿಯಾಗಲಿ ಗೋಣಿಚೀಲಗಳಲ್ಲಿಯಾಗಲಿ ಹೊಸಮಣ್ಣು, ಹೊಯಿಗೆ, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಇವನ್ನು ಸಮಭಾಗವಾಗಿ ಬೆರೆಸಿ ತುಂಬಲಿ. ನೆಡುವುದಕ್ಕೆ ಎರಡು ಮೂರು ವಾರಗಳ ಮುಂಚೆ ಮಣ್ಣಿಗೆ ಸ್ವಲ್ಪ ಸುಣ್ಣ ಸೇರಿಸಿದರೆ ಹುಳಿಗುಣ ತಗ್ಗುವುದಲ್ಲದೆ, ಕಾಯಿಯ ತುದಿ ಕಪ್ಪಾಗಿ ಕೊಳೆಯುವುದೂ ಕಡಿಮೆಯಾಗುವುದು.

ಬೀಜದ ಆಯ್ಕೆಯೇ ಮುಖ್ಯ ರಕ್ಷೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಈ ರೋಗವನ್ನು ತಡೆಯಬಲ್ಲ ಅರ್ಕಾ ಆಭಾ, ಅರ್ಕಾ ಆಲೋಕ್ ಎಂಬ ತಳಿಗಳನ್ನು ಒದಗಿಸಿದ್ದಾರೆ. ಅವರದೇ ಅರ್ಕಾ ರಕ್ಷಕ್ ಎಂಬುದು ಸೊರಗು, ಎಲೆ ಮುರುಟು, ಎಲೆಚುಕ್ಕೆಯ ಅಂಗಮಾರಿ ಈ ಮೂರನ್ನೂ ತಾಳತಕ್ಕದ್ದು. ಕೇರಳದ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ಎಂಬವೂ ನಮ್ಮಂಥ ಮಳೆಸೀಮೆಗೆ ಒಗ್ಗುವವು. ಅರ್ಕಾ ರಕ್ಷಕ್ ಮಿಶ್ರತಳಿಯಾದ್ದರಿಂದ ಅದರ ಹಣ್ಣಿನ ಬೀಜವನ್ನು ತೆಗೆದಿಟ್ಟು ಬಿತ್ತಿದರೆ ತಾಯಿಯ ಗುಣ ಸರಿಯಾಗಿ ಬಾರದು. ಆಭಾ, ಆಲೋಕ್‌ಗಳಲ್ಲಿ ಬರುವುದು. ಬೀಜ ತೆಗೆಯುವವರು ಆರೋಗ್ಯವುಳ್ಳ ಗಿಡದ ಚೆನ್ನಾಗಿ ಹಣ್ಣಾದ ಕಾಯಿಗಳ ತಿರುಳನ್ನು ಎರಡು ದಿನ ಪಾತ್ರೆಯಲ್ಲಿ ಹುಳಿಯಲು ಬಿಟ್ಟು, ತೊಳೆದು, ತಳಕ್ಕಿಳಿದ ಬೀಜವನ್ನು ಮಾತ್ರ ನೆರಳಲ್ಲಿ ಒಣಗಿಸಿಡಬೇಕು.

ಬೀಜವನ್ನು ಅರ್ಧ ಅಂಗುಲಕ್ಕಿಂತ ಆಳವಾಗಿ ಹಾಕಬಾರದು. ಸಸಿಮಡಿಯ ಮೇಲೆ ಬಿದಿರುಕಡ್ಡಿಗಳನ್ನು ಬಗ್ಗಿಸಿ ನೆಟ್ಟು, ಅತಿ ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಮುಚ್ಚಬೇಕು. ಎಲೆ ಮುರುಟು ರೋಗದ ವಿಷಾಣುವನ್ನು ಬಿಳಿ ನೊಣವು ಎಳೆಯ ಸಸಿಗಳಿಗೆ ತರುವುದೇ ಹೆಚ್ಚು. ಇಪ್ಪತ್ತೈದು ದಿನಗಳ ಸಸಿಯನ್ನು ಸಾಯಂಕಾಲದಲ್ಲಿ ಎರಡಡಿ ಅಂತರದಲ್ಲಿ, ಬೇರು ಹರಿಯದಂತೆ ನೆಟ್ಟು ಊರೆಗೋಲು ಕೊಡಬೇಕು.

ಬೀಜವಲ್ಲದೆ ಕವಲಿನಿಂದಲೂ ಗಿಡ ಮಾಡಬಹುದು. ಎಲೆಯ ಕಂಕುಳಲ್ಲಿ ಹುಟ್ಟುವ ಚಿಗುರನ್ನು ಗೇಣುದ್ದವಾದಾಗ ಚಿವುಟಿ, ಕೆಳಗಿನ ಎಲೆಗಳನ್ನು ತೆಗೆದು, ಒದ್ದೆ ಹೊಯಿಗೆಯಲ್ಲಿ ನೆರಳಿನಲ್ಲಿಟ್ಟರೆ ಹತ್ತು ದಿನಗಳೊಳಗೆ ಬೇರು ಬಿಡುವುದು. ಆದರೆ ತಾಯಿಯಲ್ಲಿರುವ ರೋಗವು ಕವಲಿನೊಂದಿಗೇ ಬರುವುದೆಂಬುದನ್ನು ಮರೆಯಲಾಗದು. ಸಂದೇಹವಿದ್ದ ಗಿಡದಿಂದ ಕವಲು ತೆಗೆದು ನೆರೆಮನೆಗೆ ಕೊಡುವುದು ಉಪಕಾರವಾಗಲಾರದು.

ಮೂರನೆಯದು ಕಸಿ. ಮೂಡಬಿದ್ರೆಯ ಸೋನ್ಸ್ ಫಾರ್ಮಿನಂಥ ತೋಟಗಳ ದೆಸೆಯಿಂದ ಹಣ್ಣಿನ ಕಸಿಗಿಡಗಳ ಪರಿಚಯ ನಮ್ಮವರಿಗೆ ಚೆನ್ನಾಗಿ ಉಂಟು. ಟೊಮೆಟೊವನ್ನೂ ಕಸಿ ಮಾಡಬಹುದೆಂಬುದು ಅನೇಕರಿಗೆ ಹೊಸದಾಗಿ ತೋರೀತು. ಸೊರಗು ರೋಗವನ್ನು ತಾಳುವ ಬದನೆ ತಳಿಯನ್ನಾಗಲಿ ಸುಂಡೆ ಗಿಡವನ್ನಾಗಲಿ ಮುಂಚಿತವಾಗಿ ಬೆಳೆಸಿ, ಸಮದಪ್ಪದ ಟೊಮೆಟೊ ಸಸಿಯ ತುದಿಯನ್ನು ಓರೆಯಾಗಿ ಕೊಯ್ದು ಅದರ ಮೇಲೆ ಕೂಡಿಸಿ, ಒಂದು ವಾರ ನೆರಳಲ್ಲಿ ತೇವವಾಗಿಟ್ಟರೆ ಗಾಯ ಕೂಡಿಕೊಳ್ಳುವುದು. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲೆಯೇ ಇರತಕ್ಕದ್ದು. ಹೂತುಹೋದರೆ ಟೊಮೆಟೊವೇ ಬೇರಿಳಿಸಿ ರೋಗಕ್ಕೆ ಬಾಗಿಲು ತೆರೆಯುವುದು.

ನೆಲದ ಮೇಲಿನ ಶತ್ರುಗಳಲ್ಲಿ ಕಾಯಿಕೊರಕ ಹುಳವು ಮುಖ್ಯವಾದದ್ದು. ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಗೊಂಡೆಹೂವಿನ ಗಿಡ ನೆಟ್ಟರೆ ಪತಂಗವು ಗೊಂಡೆಯ ಮೊಗ್ಗಿನಲ್ಲಿಯೇ ಹೆಚ್ಚಾಗಿ ಮೊಟ್ಟೆಯಿಡುವುದು. ಇದಕ್ಕಾಗಿ ಗೊಂಡೆಯ ಸಸಿಯು ನಾಲ್ವತ್ತು ದಿನಗಳದ್ದಾಗಿರಬೇಕು. ಎರಡೂ ಕೂಡಿಯೇ ಹೂಬಿಡುವಂತಾಗಬೇಕು. ೨೦೧೪ರಲ್ಲಿ ನಮ್ಮ ದೇಶದಲ್ಲಿ ಮೊದಲಾಗಿ ಕಂಡುಬಂದ, ದಕ್ಷಿಣ ಅಮೆರಿಕಾ ಮೂಲದ ಟ್ಯೂಟಾ ಎಂಬ ಪತಂಗದ ಮರಿಯು ಎಲೆಯೊಳಗೆ ಸುರಂಗ ಕೊರೆಯುತ್ತದೆ. ಅಂಥ ಎಲೆಗಳನ್ನು ಕಂಡ ದಿನವೇ ಕಿತ್ತು ಸುಡಬೇಕು. ಐವತ್ತು ಗ್ರಾಮು ಕಹಿಬೇವಿನ ಬೀಜದ ತಿರುಳನ್ನು ಜಜ್ಜಿ, ಒಂದು ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಸೋಸಿ, ತುಸು ಸಾಬೂನು ಬೆರೆಸಿ ಸಂಜೆ ಹೊತ್ತಿನಲ್ಲಿ ಸಿಂಪಡಿಸುವುದು ಎಳೆಹುಳಗಳಿಗೂ ಬಿಳಿ ನೊಣಗಳಿಗೂ ತಕ್ಕ ಪ್ರತಿಬಂಧ.

ನಮ್ಮ ಈ ಮೂರು ಊರುಗಳ ಮನೆಗಳಿಗೆ ವಿಶೇಷವಾಗಿ ಹೇಳತಕ್ಕ ಮಾತೊಂದುಂಟು. ಬೀಡಿ ಕಟ್ಟಿ ಸಂಸಾರವನ್ನು ನಡೆಸಿದ, ಮಕ್ಕಳನ್ನು ಓದಿಸಿದ ತಾಯಂದಿರು ಇಲ್ಲಿ ಬಹಳ ಮಂದಿ. ಎಲೆಗಳಲ್ಲಿ ಹಳದಿ ಹಸುರು ಮಚ್ಚೆಗಳನ್ನು ಹುಟ್ಟಿಸುವ ತಂಬಾಕಿನ ವಿಷಾಣುವು ಒಣಗಿದ ಹೊಗೆಸೊಪ್ಪಿನಲ್ಲಿಯೂ ಜೀವದಿಂದಿದ್ದು ಕೈಯಿಂದ ಟೊಮೆಟೊ ಸಸಿಗೆ ದಾಟಬಲ್ಲದು. ಆದುದರಿಂದ ಬೀಡಿಯ ಮೊರವನ್ನಿಳಿಸಿ ತೋಟಕ್ಕೆ ಹೋಗುವ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಹೊಗೆಸೊಪ್ಪಿನ ಕಷಾಯವನ್ನು ಈ ಗಿಡಕ್ಕೆ ಸಿಂಪಡಿಸುವುದೂ ಹಿತವಲ್ಲ.

ಕಡು ವಿಷಗಳ ಕುರಿತು ನಮ್ಮ ಸೀಮೆಯವರಿಗೆ ಬೇರೆ ಎಚ್ಚರಿಕೆ ಬೇಕಾಗದು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಟಗಳ ಮೇಲೆ ೧೯೮೦ ಮತ್ತು ೧೯೯೦ರ ದಶಕಗಳಲ್ಲಿ ಆಕಾಶದಿಂದ ಎಂಡೋಸಲ್ಫಾನ್ ಸುರಿಸಲ್ಪಟ್ಟಿತು. ಗೇರಿನ ಕೀಟವನ್ನು ಕೊಲ್ಲಲು ತಂದ ಆ ವಿಷದ ಬಾಧೆಗೊಳಗಾದವರೆಂದು ಸರಕಾರವು ಗುರುತಿಸಿದ ಮಕ್ಕಳೂ ದೊಡ್ಡವರೂ ಇಂದಿಗೂ ಆ ಊರುಗಳಲ್ಲಿದ್ದಾರೆ. ೨೦೧೧ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಗಿಡಕ್ಕೆ ಹಾಕಿದ್ದು ಗಿಡದಲ್ಲಿಯೇ ನಿಲ್ಲುವುದಿಲ್ಲ. ಬಾವಿಗೂ ಬಟ್ಟಲಿಗೂ ಬರುವುದು. ಮಕ್ಕಳು ಕಿತ್ತು ಅಲ್ಲಿಯೇ ತಿನ್ನುವ ಹಣ್ಣಿಗೆ ವಿಷವೇಕೆ?

ತಾಲೂಕಿನ ತೋಟಗಾರಿಕೆ ಇಲಾಖೆಯವರೂ ಮಂಗಳೂರು ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದವರೂ ಇಂಥ ವಿಷಯಗಳಲ್ಲಿ ಸಲಹೆ ಕೊಡತಕ್ಕವರು. ಹಳೆವಿದ್ಯಾರ್ಥಿನಿಯರು ತಮ್ಮ ಮನೆಗಳಲ್ಲಿ ಹತ್ತು ಗಿಡಗಳನ್ನು ಈ ಕ್ರಮದಿಂದ ಎಬ್ಬಿಸಿ ನೋಡಲಿ. ಹೆತ್ತವರು ಬೀಜ ಹಾಕುವ ಕೆಲಸವನ್ನು ಹೆಣ್ಣುಮಕ್ಕಳ ಕೈಗೇ ಒಪ್ಪಿಸಲಿ. ಬಾಡಿದ ಗಿಡಕ್ಕೆ ನೀರು ಹೊಯ್ಯುವ ಮೊದಲು ಅದು ಏಕೆ ಬಾಡಿತೆಂದು ಲೋಟದ ನೀರಿನಲ್ಲಿ ಪರೀಕ್ಷಿಸಿ ನೋಡುವ ಹುಡುಗಿಗೆ ಆ ಕಲಿಕೆಯು ಹಿತ್ತಿಲಿನ ಹೊರಗೂ ಉಪಯೋಗಕ್ಕೆ ಬರುವುದೆಂದು ನಾವು ನಂಬುತ್ತೇವೆ.