ಬೀರುವಿನ ಬೆನ್ನು

ಶಿವಾಜಿನಗರದ ಒಳಗಲ್ಲಿಯ ಹಳೇ ಫರ್ನಿಚರ್ ಗೋದಾಮಿಗೆ ಬಿಸಿಲು ಇಳಿಯುವುದು ಮಾಡಿನ ಶೀಟಿನ ತೂತುಗಳಿಂದ ಮಾತ್ರ. ಹೊರಗೆ ಬೆಳಗಿನ ಹನ್ನೊಂದು ಗಂಟೆ; ಒಳಗೆ ಯಾವ ಹೊತ್ತಾದರೂ ಆಗಿರಬಹುದು. ಕುರ್ಚಿಗಳು ಕಾಲು ಮೇಲೆ ಮಾಡಿಕೊಂಡು ಅಟ್ಟ ಸೇರಿವೆ. ಕೆಳಗೆ ಒಂದಕ್ಕೊಂದು ಒತ್ತಿಕೊಂಡು ನಿಂತ ಬೀರುಗಳು: ಗಾಜಿನವು, ಕನ್ನಡಿಯವು, ಜಾಲರಿಯವು, ಬಾಗಿಲೇ ಇಲ್ಲದವು. ಸ್ಪಿರಿಟ್ಟು, ಅರಗು, ನುಸಿಗುಳಿಗೆ, ಇಲಿ, ನಾಲ್ಕೂ ಬೆರೆತ ವಾಸನೆ. ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತ ಪಾಲಿಶ್ ಮೇಸ್ತ್ರಿ ಹತ್ತಿಯುಂಡೆಯನ್ನು ಬಟ್ಟೆಯಲ್ಲಿ ಕಟ್ಟಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿಗೆ ಅದ್ದಿ, ಒಂದು ಡ್ರಾಯರಿನ ಮುಖದ ಮೇಲೆ 8ರ ಆಕಾರದಲ್ಲಿ ಕೈಯಾಡಿಸುತ್ತಿದ್ದಾನೆ. ಒಂದು ಪದರ, ಸ್ವಲ್ಪ ಆರಲು ಬಿಡುವುದು, ಮತ್ತೊಂದು ಪದರ. ಅವನಿಗೆ ಅವಸರವಿಲ್ಲ.

ಅವಸರವಿರುವುದು ಗಿರಾಕಿಗಳಿಗೆ. ಹೊಸ ಫ್ಲ್ಯಾಟಿಗೆ ಹಳೇ ಬೀರು ಹುಡುಕಿಕೊಂಡು ಬಂದ ದಂಪತಿ. ಹೆಂಡತಿ ಆಗಲೇ ಒಂದರ ಮುಂದೆ ನಿಂತಿದ್ದಾರೆ. ತಲೆಯ ಮೇಲೆ ಕೆತ್ತನೆಯ ಕಿರೀಟ, ಅದರ ನಡುವೆ ಎರಡು ನವಿಲು, ಮಿರಮಿರ ಮಿಂಚುವ ಕಂದು ಮೈ.

“ರೀ, ಇದು ನೋಡಿ, ಎಷ್ಟು ಚೆನ್ನಾಗಿದೆ!”

“ನೂರೈವತ್ತು ವರ್ಷದ್ದು ಮೇಡಂ,” ಎನ್ನುತ್ತಾರೆ ಅಂಗಡಿಯ ಭಾಯ್. “ಪ್ಯೂರ್ ಬರ್ಮಾ ತೇಗ. ಮುಟ್ಟಿ ನೋಡಿ.”

ಇಂಥ ಗೋದಾಮುಗಳಲ್ಲಿ ಮರಕ್ಕೆ ಇರುವುದು ಎರಡೇ ವಯಸ್ಸು, ನೂರು ಮತ್ತು ನೂರೈವತ್ತು. ಊರು ಒಂದೇ, ಬರ್ಮಾ. ಇದನ್ನು ಸುಳ್ಳು ಅನ್ನುವುದಕ್ಕಿಂತ ವ್ಯಾಪಾರದ ನಮಸ್ಕಾರ ಅಂದುಕೊಂಡು ಮುಂದೆ ಹೋಗುವುದು ಲೇಸು. ಮುಂದೆ ಅಂದರೆ ಬೀರುವಿನ ಹಿಂದಕ್ಕೆ. ಮುಖವನ್ನು ಉಜ್ಜಬಹುದು, ಬಳಿಯಬಹುದು, ನವಿಲು ಅಂಟಿಸಬಹುದು. ಬೆನ್ನಿಗೆ ಅಷ್ಟು ಖರ್ಚು ಮಾಡುವವರು ಕಡಿಮೆ.

ನವಿಲಿನ ಬೀರುವನ್ನು ಇಬ್ಬರು ಹುಡುಗರು ಗೋಡೆಯಿಂದ ಒಂದಡಿ ಎಳೆದರು. ಟಾರ್ಚ್ ಹಾಕಿದರೆ ಬೆನ್ನಿಗೆ ಬಡಿದಿರುವುದು ಪ್ಲೈವುಡ್. ಆ ಪ್ಲೈವುಡ್ಡಿಗೆ ಕೂಡು ಗುರುತಿನ ತಲೆಯ ಸ್ಕ್ರೂಗಳು. ಆ ಬಗೆಯ ಸ್ಕ್ರೂ ಅಮೆರಿಕದಲ್ಲಿ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಅಷ್ಟರಿಂದಲೇ ಬೀರು ನಕಲಿ ಅನ್ನಲಾಗದು, ಯಾರೋ ರಿಪೇರಿ ಮಾಡಿಸಿರಬಹುದು. ಆದರೆ ಡ್ರಾಯರ್ ಪೂರ್ತಿ ಹೊರಗೆಳೆದು ನೋಡಿದಾಗ ಅನುಮಾನ ಗಟ್ಟಿಯಾಯಿತು. ಮೂಲೆಗಳಲ್ಲಿ ಹಲಗೆಗಳನ್ನು ಕೂಡಿಸುವ, ಬುಡದಲ್ಲಿ ಕಿರಿದಾಗಿ ತುದಿಯಲ್ಲಿ ಅಗಲವಾಗುವ ಡವ್‌ಟೇಲ್ ಹಲ್ಲುಗಳು ಎಲ್ಲವೂ ಒಂದೇ ಅಳತೆ, ಒಂದೇ ಅಂತರ. ಉಳಿ ಹಿಡಿದು ಕೊರೆದವನ ಹಲ್ಲುಗಳು ಹಾಗಿರುವುದಿಲ್ಲ. ಒಂದು ಕೊಂಚ ದಪ್ಪ, ಪಕ್ಕದ್ದು ಕೊಂಚ ಓರೆ. ಹಲಗೆಯ ಮೇಲೆ ಗುರುತಿಗೆಂದು ಗೀಚಿದ ಗೆರೆ ಇನ್ನೂ ಉಳಿದಿರುತ್ತದೆ. ಡ್ರಾಯರಿನ ತಳವನ್ನು ಅಂಗೈಯಿಂದ ಸವರಿದರೆ ಹತ್ತರಿ ಹಾಯ್ದ ಸಣ್ಣ ಏರಿಳಿತ ಸಿಗುತ್ತದೆ. ಇಲ್ಲಿ ಅಂಗೈ ಸರ್ರನೆ ಜಾರಿತು.

“ಈ ಪಾಲಿಶ್ ಯಾವುದು ಭಾಯ್?” ಅಂದರು ಗಂಡ.

ಉತ್ತರ ಕೊಟ್ಟವನು ಮೇಸ್ತ್ರಿ. ಕೈಯಲ್ಲಿದ್ದ ಬಟ್ಟೆಯಿಂದ ಒಂದು ತೊಟ್ಟು ಸ್ಪಿರಿಟ್ಟನ್ನು ಬೀರುವಿನ ಕಾಣದ ಮೂಲೆಗೆ ಒತ್ತಿದ. ಅರಗಿನ ಪಾಲಿಶ್ ಆಗಿದ್ದರೆ ಕರಗಿ ಬೆರಳಿಗೆ ಅಂಟುತ್ತದೆ. ಇದು ಜಪ್ಪಯ್ಯ ಅನ್ನಲಿಲ್ಲ. ಮೆಲಮೈನ್ ಸ್ಪ್ರೇ. ಭಾಯ್ ಅವನತ್ತ ಒಂದು ನೋಟ ಎಸೆದು ಚಹಾ ತರಿಸಲು ಹೊರಗೆ ಹೋದರು.

ಇನ್ನೂ ಒಂದು ಗುರುತಿದೆ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಹಳೇ ಬಾಗಿಲಿನ ನಡುಹಲಗೆಯನ್ನು ಚೌಕಟ್ಟಿಗೆ ಅಂಟಿಸುತ್ತಿರಲಿಲ್ಲ. ಸುತ್ತ ಕೊರೆದ ಕಾಲುವೆಯಲ್ಲಿ ಸಡಿಲವಾಗಿ ಕೂರಿಸುತ್ತಿದ್ದರು. ಮರ ಉದ್ದಕ್ಕೆ ಕುಗ್ಗುವುದು ಕಾಣದಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಕುಗ್ಗುತ್ತದೆ. ದಶಕಗಳ ಬೇಸಿಗೆ ಕಂಡ ಹಲಗೆ ಎರಡೂ ಪಕ್ಕ ಕೂದಲೆಳೆಯಷ್ಟು ಒಳಸರಿದು, ಹಿಂದೆ ಕಾಲುವೆಯೊಳಗೆ ಅಡಗಿದ್ದ, ಪಾಲಿಶ್ ಕಾಣದ ತೆಳು ಬಣ್ಣದ ಅಂಚನ್ನು ಹೊರಗೆ ತೋರಿಸುತ್ತದೆ. ಇದನ್ನು ನಕಲು ಮಾಡುವ ತಾಳ್ಮೆ ಯಾರಿಗಿದೆ?

ಮರದ ಜಾತಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಬೀಟೆ ಎಂದು ತೋರಿಸಿದರೆ ಎತ್ತಿ ನೋಡಿ, ಭಾರವೇ ಹೇಳುತ್ತದೆ. ಅಡಿಯಲ್ಲಿ ಉಗುರು ಹಾಕಿದಾಗ ಕಪ್ಪುಗೆಂಪಿನ ಕೆಳಗೆ ಬಿಳಿ ಕಂಡರೆ ಅದು ಬಣ್ಣದ ಬೀಟೆ. ಹಲಸಿನದು ಹೊಸದಾಗಿದ್ದಾಗ ಹಳದಿ, ವಯಸ್ಸಾದಂತೆ ಕೆಂಗಂದು. ನಮ್ಮ ಮಲೆನಾಡು, ಕರಾವಳಿಯ ಮನೆಗಳ ಸಂದೂಕ, ಪೆಟ್ಟಿಗೆಗಳಲ್ಲಿ ಎಷ್ಟೋ ಹಲಸಿನವೇ. ‘ಬರ್ಮಾ’ ಅಲ್ಲ ಅನ್ನುವ ಕಾರಣಕ್ಕೆ ಗೋದಾಮಿನಲ್ಲಿ ಅವಕ್ಕೆ ಮರ್ಯಾದೆ ಕಡಿಮೆ, ಬೆಲೆಯೂ. ಜಾಣರು ಅವನ್ನೇ ಕೊಳ್ಳುತ್ತಾರೆ.

ನೋಡಬೇಕಾದದ್ದು ಕುಟ್ಟೆ ಹುಳ. ತೇಗದ ಚೇಗು ಹುಳಕ್ಕೆ ಸುಲಭವಾಗಿ ಸೋಲುವುದಿಲ್ಲ. ಸುತ್ತಲಿನ ಬಿಳಿ ಮರಕ್ಕೆ ಆ ಬಲವಿಲ್ಲ. ತೂತು ಇದ್ದ ಮಾತ್ರಕ್ಕೆ ಗಾಬರಿ ಬೇಡ, ಹುಳ ಹಾರಿಹೋಗಿ ಎಷ್ಟೋ ಕಾಲವಾಗಿರಬಹುದು. ತೂತಿನ ಬಾಯಲ್ಲಿ ಹೊಸ ಬಿಳಿ ಪುಡಿ ಇದೆಯೇ ಅನ್ನುವುದು ಪ್ರಶ್ನೆ. ಮುಂಗಡ ಕೊಟ್ಟು, ಅಡಿಯಲ್ಲಿ ಕಪ್ಪು ಕಾಗದ ಹಾಸಿಸಿ, ಒಂದು ವಾರ ಬಿಟ್ಟು ಬಂದು ನೋಡಬೇಕು. ಈ ಉಪಾಯಕ್ಕೆ ಒಪ್ಪದ ವ್ಯಾಪಾರಿಯ ಜತೆ ಮಾತು ಬೆಳೆಸಬಾರದು.

ಚಹಾ ಬಂತು. ಭಾಯ್ ಈಗ ಬೇರೆ ದಾರಿ ಹಿಡಿದರು: “ಮೇಡಂ, ಮನೇಲಿ ಏನು ಇಡ್ತೀರಾ ಹೇಳಿ. ಆಮೇಲೆ ತೋರಿಸ್ತೀನಿ.”

ಮೊದಲು ಕೇಳಬೇಕಾಗಿದ್ದ ಪ್ರಶ್ನೆಯೇ ಅದು. ಹಳೇ ಬೀರುಗಳು ಚಂದಕ್ಕೆ ಹುಟ್ಟಿದವಲ್ಲ. ಒಂದೊಂದೂ ಒಬ್ಬೊಬ್ಬ ಶತ್ರುವಿಗಾಗಿ ಹುಟ್ಟಿದ್ದು. ಮೂಲೆಯಲ್ಲಿ ಹಸಿರು ಬಣ್ಣ ಮೆತ್ತಿಕೊಂಡು ನಿಂತ ಜಾಲರಿ ಬೀರುವಿನ ಶತ್ರು ಇರುವೆ ಮತ್ತು ಬೆಕ್ಕು. ಮೂರು ಕಡೆ ತಂತಿಬಲೆ, ಗಾಳಿ ಆಡಿ ಹಾಲು ಬೇಗ ಕೆಡದಿರಲಿ ಎಂದು. ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು, ಇರುವೆ ದಾಟದಿರಲಿ ಎಂದು. ಕಾಯಿಸಿದ ಹಾಲು, ಹೆಪ್ಪಿಟ್ಟ ಮೊಸರು, ರಾತ್ರಿಗುಳಿದ ಹುಳಿ ಅದರೊಳಗೆ. ಬಗ್ಗಿ ನೋಡಿದರೆ ನಾಲ್ಕೂ ಕಾಲಿನ ತುದಿ ಎರಡು ಬೆರಳಗಲ, ಒಂದೇ ಮಟ್ಟದಲ್ಲಿ ಕಪ್ಪಗೆ ಮೆತ್ತಗಾಗಿತ್ತು. ದಿನವೂ ನೀರಲ್ಲಿ ನಿಂತದ್ದರ ಗುರುತು ಅದು. ಫ್ರಿಜ್ ಬಂದು ಇದರ ಕೆಲಸ ಹೋಯಿತು. ಆದರೆ ಈರುಳ್ಳಿ, ಆಲೂಗೆಡ್ಡೆ, ಬಾಳೆಹಣ್ಣಿಗೆ ಇವತ್ತಿಗೂ ಬೇಕಾಗಿರುವುದು ಇಂಥ ಗಾಳಿಯಾಡುವ ಗೂಡೇ. ಪ್ಲಾಸ್ಟಿಕ್ ಬುಟ್ಟಿಗಳ ಗೋಪುರ ಕಟ್ಟುವ ಅಡುಗೆಮನೆಗಳು ಇದನ್ನು ಮರೆತದ್ದು ನನಗೆ ಸೋಜಿಗ.

ವಕೀಲರ ಬೀರುವಿನ ಶತ್ರು ದೂಳು. ಒಂದರ ಮೇಲೊಂದು ಕೂರುವ ಬಿಡಿ ಪೆಟ್ಟಿಗೆಗಳು. ಪ್ರತಿಯೊಂದಕ್ಕೂ ಮೇಲಕ್ಕೆತ್ತಿ ಒಳತಳ್ಳುವ ಗಾಜಿನ ಬಾಗಿಲು. ಅಮೆರಿಕದ ಸಿನ್ಸಿನಾಟಿಯ ಗ್ಲೋಬ್ ವರ್ನಿಕೆ ಕಂಪನಿ ಹೆಸರು ಮಾಡಿದ ಮಾದರಿ ಇದು. ಆಮೇಲೆ ನಮ್ಮ ಬಡಗಿಗಳೂ ನೋಡಿ ಮಾಡಿದರು. ಧಾರವಾಡ, ಮೈಸೂರಿನ ವಕೀಲರ ಮನೆಗಳಲ್ಲಿ ಕಾನೂನಿನ ದಪ್ಪ ಸಂಪುಟಗಳನ್ನು ಹೊತ್ತು ನಿಂತಿದ್ದವು ಈಗ ಬಿಡಿಬಿಡಿಯಾಗಿ ಗೋದಾಮಿಗೆ ಬರುತ್ತವೆ. ಆಳ ಒಂದಡಿ ಆಸುಪಾಸು. ಪುಸ್ತಕಕ್ಕೆ ಸರಿ, ಬಟ್ಟೆಗೆ ಸಾಲದು. ಹ್ಯಾಂಗರಿನಲ್ಲಿ ಅಂಗಿ ತೂಗಬೇಕಾದರೆ ಎರಡಡಿ ಹತ್ತಿರ ಆಳ ಬೇಕು. ಅಳೆಯದೆ ಕೊಂಡವರ ಮನೆಯಲ್ಲಿ ಬೀರುವಿನ ಬಾಗಿಲು ಸದಾ ಅರ್ಧ ತೆರೆದೇ ಇರುತ್ತದೆ.

ನೆಲದ ಮೇಲೆ ಹಿತ್ತಾಳೆ ಮೂಲೆಗಳ ಒಂದು ಡ್ರಾಯರ್ ಪೆಟ್ಟಿಗೆ. ಹಿಡಿಗಳು ಮರದೊಳಗೆ ಹುದುಗಿವೆ, ಕಾಲುಗಳು ತಿರುಗಿಸಿದರೆ ಬಿಚ್ಚಿ ಬರುತ್ತವೆ, ಇಡೀ ಪೆಟ್ಟಿಗೆ ನಡುವಿನಲ್ಲಿ ಎರಡು ಭಾಗವಾಗುತ್ತದೆ. ದಂಡಿನ ಬೆನ್ನಿಗೆ ಊರೂರು ಅಲೆಯುತ್ತಿದ್ದ ಬ್ರಿಟಿಷ್ ಅಧಿಕಾರಿಗಳಿಗಾಗಿ ಹುಟ್ಟಿದ ಮಾದರಿ. ಪ್ರಯಾಣವೇ ಇದರ ಶತ್ರು. 1809ರಲ್ಲಿ ಬೆಂಗಳೂರಿಗೆ ದಂಡು ಬಂದು ನೆಲೆಸಿತು, ಹೀಗಾಗಿ ಇಂಥವು ಈ ಗಲ್ಲಿಗಳಿಗೆ ಪರದೇಶಿಗಳಲ್ಲ. ಹನ್ನೊಂದು ತಿಂಗಳ ಕರಾರಿನಲ್ಲಿ ಬಾಡಿಗೆ ಮನೆ ಬದಲಿಸುವ ಐಟಿ ಹುಡುಗ ಹುಡುಗಿಯರೇ ಇದರ ನಿಜವಾದ ವಾರಸುದಾರರು ಅನ್ನಿಸುತ್ತದೆ. ಕಳ್ಳರ ಕಾಟಕ್ಕೆ ಮಾತ್ರ ಮರದ ಬೀರು ಹುಡುಕಬೇಡಿ. ಗಾದ್ರೆಜ್ ಕಂಪನಿ 1923ರಲ್ಲಿ ಉಕ್ಕಿನ ಬೀರು ಮಾಡತೊಡಗಿದಾಗಲೇ ಆ ಕೆಲಸ ಬಡಗಿಯ ಕೈತಪ್ಪಿತು.

ಕಣ್ಣು ಪಳಗಿಸಿಕೊಂಡು ಆಮೇಲೆ ಕೊಳ್ಳುತ್ತೇವೆ ಅನ್ನುವವರು ಮಣಿಪಾಲಕ್ಕೆ ಹೋಗಿ ಬರಲಿ. ವಿಜಯನಾಥ ಶೆಣೈ ಅವರು ಕೆಡವಲಿದ್ದ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಅಲ್ಲಿದೆ. ಗೋದಾಮಿನಲ್ಲಿ ಅನಾಥವಾಗಿ ಕಾಣುವ ಮರದ ಸಾಮಾನು ತನ್ನ ಕಾಲದ ಮನೆಯಲ್ಲಿ ಎಷ್ಟು ಜಾಗ ಹಿಡಿಯುತ್ತಿತ್ತು, ಬೆಳಕು ಅದರ ಮೇಲೆ ಯಾವ ಕಡೆಯಿಂದ ಬೀಳುತ್ತಿತ್ತು ಅನ್ನುವುದು ಅಲ್ಲಿ ನಡೆದಾಡಿದರೆ ತಿಳಿಯುತ್ತದೆ.

ದಂಪತಿ ಕೊನೆಗೆ ಜಾಲರಿ ಬೀರುವಿನ ಮುಂದೆ ನಿಂತರು. “ಈ ಹಸಿರು ಬಣ್ಣ ಮನೇಲೇ ಕೆರೆದುಕೊಳ್ತೀವಿ, ಸ್ವಲ್ಪ ಕಮ್ಮಿ ಮಾಡಿ,” ಅಂದರು ಆಕೆ. ಮೇಸ್ತ್ರಿ ತಲೆಯಾಡಿಸಿದ. ಒಣಗಿದ ಹಳೇ ಎನಾಮಲ್ ಬಣ್ಣವನ್ನು ಮಕ್ಕಳಿರುವ ಮನೆಯಲ್ಲಿ ಉಜ್ಜುವುದು ಸಲ್ಲ; ಅದರ ದೂಳಿನಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ ನಮ್ಮ ದೇಶ ಕಟ್ಟುನಿಟ್ಟಿನ ಮಿತಿ ಹಾಕಿದ್ದೇ 2016ರ ನಿಯಮದಲ್ಲಿ. ಬಣ್ಣ ಇಲ್ಲೇ ತೆಗೆಸುವುದು, ಕಪ್ಪಾದ ಕಾಲ ತುದಿಯನ್ನು ಕತ್ತರಿಸದೆ ಹಾಗೇ ಬಿಡುವುದು ಎಂದು ತೀರ್ಮಾನವಾಯಿತು. ಗಂಡ ಫೋನಿನಲ್ಲಿ ಫ್ಲ್ಯಾಟಿನ ವಾಚ್‌ಮನ್ನಿಗೆ ಲಿಫ್ಟಿನ ಬಾಗಿಲು ಅಳೆದು ಹೇಳಲು ಹೇಳುತ್ತಿದ್ದರು. ಅಮೆರಿಕದಲ್ಲಿರುವ ನಾದಿನಿಗೂ ಇಂಥದ್ದೊಂದು ಕಳಿಸಬಹುದೇ ಎಂದು ಆಕೆ ಕೇಳಿದರು. ನೂರು ವರ್ಷ ದಾಟಿದ ಕುಶಲಕಲೆಯ ವಸ್ತು 1972ರ ಪುರಾವಸ್ತು ಕಾಯ್ದೆಗೆ ಒಳಪಡಬಹುದು, ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಬೀಟೆಯದಾದರೆ ಅಂತರರಾಷ್ಟ್ರೀಯ ನಿರ್ಬಂಧಗಳೂ ಸೇರುತ್ತವೆ. ಇಷ್ಟು ಕೇಳುತ್ತಿದ್ದಂತೆ ಭಾಯ್ ಬಾಯಲ್ಲಿ ನೂರೈವತ್ತು ವರ್ಷದ ಬೀರು ಅರವತ್ತಕ್ಕೆ ಇಳಿಯಿತು.

ಮನೆಗೆ ಬಂದ ಬೀರುವನ್ನು ಹೊರಗೋಡೆಗೆ ತಾಗಿಸಿ ಇಡಬಾರದು. ಹಿಂದೆ ಕೈ ತೂರುವಷ್ಟು ಜಾಗ ಬಿಡಬೇಕು. ಕರಾವಳಿಯ ತೇವದಲ್ಲಿ ಬೆಳೆದದ್ದಾದರೆ ಬೆಂಗಳೂರಿನ ಮೊದಲ ಫೆಬ್ರುವರಿಯಲ್ಲಿ ನಡುರಾತ್ರಿ ಟಕ್ಕೆಂದು ಸದ್ದು ಮಾಡೀತು, ಬೆಳಗ್ಗೆ ಹಲಗೆಯಲ್ಲಿ ಸಣ್ಣ ಬಿರುಕು ಕಂಡೀತು. ಕೂಡಲೇ ಪುಟ್ಟಿ ತುಂಬಿಸಲು ಹೋಗಬೇಡಿ. ಮಳೆಗಾಲದಲ್ಲಿ ಮರ ಉಬ್ಬಿ ಬಿರುಕು ಬಹುಮಟ್ಟಿಗೆ ತಾನೇ ಕೂಡುತ್ತದೆ. ಪುಟ್ಟಿ ತುಂಬಿದ್ದರೆ ಉಬ್ಬಲು ಜಾಗವಿಲ್ಲದೆ ಹಲಗೆ ಇನ್ನೊಂದು ಕಡೆ ಸೀಳುತ್ತದೆ, ಆಗ ಮತ್ತೆ ಶಿವಾಜಿನಗರಕ್ಕೆ ಟೆಂಪೋ ಬಾಡಿಗೆ.