ಊರಿನಿಂದ ಲೋಕಕ್ಕೆ: ಬೆಳುವಾಯಿಯ ಮಕ್ಕಳಿಗೆ ಭೂಗೋಳ ಮತ್ತು ಆದಿಮಾನವ ಚರಿತ್ರೆ

ಮೂಡುಬಿದಿರೆಯಿಂದ ಕಾರ್ಕಳದ ಕಡೆಗೆ ಸಾಗುವ ದಾರಿಯಲ್ಲಿ ಬೆಳುವಾಯಿ ಎಂಬ ಗ್ರಾಮವಿದೆ. ತುಳುನಾಡಿನ ಇತರ ಗ್ರಾಮಗಳಂತೆ ಇಲ್ಲಿಯೂ ಬಹುಪಾಲು ಮಕ್ಕಳು ಮನೆಯಲ್ಲಿ ತುಳುವನ್ನಾಡಿ ಶಾಲೆಯಲ್ಲಿ ಕನ್ನಡವನ್ನು ಓದುತ್ತವೆ. ಹಿರಿಯ ಪ್ರಾಥಮಿಕ ತರಗತಿಗಳಿಗೆ ಬರುವ ವೇಳೆಗೆ, ಅಂದರೆ ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ, ಸಮಸ್ತ ಭೂಮಂಡಲವೂ ಲಕ್ಷಾಂತರ ವರ್ಷಗಳ ಮಾನವ ಚರಿತ್ರೆಯೂ ಏಕಕಾಲದಲ್ಲಿ ಆ ಮಕ್ಕಳ ಮುಂದೆ ಬಂದು ನಿಲ್ಲುತ್ತವೆ. ಅಕ್ಷಾಂಶ, ರೇಖಾಂಶ, ಪೂರ್ವ ಶಿಲಾಯುಗ, ನವಶಿಲಾಯುಗ, ಬೃಹತ್ ಶಿಲಾಯುಗ ಮುಂತಾದ ಶಬ್ದಗಳು ಮನೆಯ ತುಳುವಿನಲ್ಲಿಯೂ ಇಲ್ಲ, ಪೇಟೆಯ ಕನ್ನಡದಲ್ಲಿಯೂ ಇಲ್ಲ. ಮಕ್ಕಳು ಅವನ್ನು ಬಾಯಿಪಾಠ ಮಾಡುತ್ತವೆ, ಪರೀಕ್ಷೆಯಲ್ಲಿ ಬರೆಯುತ್ತವೆ, ಮರೆಯುತ್ತವೆ. ಇದರಲ್ಲಿ ಮಕ್ಕಳ ದೋಷವೇನೂ ಇಲ್ಲ. ಪಾಠವು ದೂರದಿಂದ ಹೊರಟು ಹತ್ತಿರಕ್ಕೆ ಬರುವ ಮೊದಲೇ ವರ್ಷ ಮುಗಿದುಹೋಗಿರುತ್ತದೆ. ವಸ್ತುತಃ ಈ ಎರಡೂ ವಿಷಯಗಳಿಗೆ ಬೇಕಾದ ಸಾಮಗ್ರಿಯು ಈ ಸೀಮೆಯಲ್ಲಿ, ಒಂದು ದಿನದಲ್ಲಿ ನೋಡಿಬರುವಷ್ಟು ಸಮೀಪದಲ್ಲಿಯೇ ಬಿದ್ದಿದೆ.

ಮೊದಲು ದಿಕ್ಕುಗಳನ್ನೇ ತೆಗೆದುಕೊಳ್ಳಬಹುದು. ಮೂಡಣ, ಪಡುವಣ, ತೆಂಕಣ, ಬಡಗಣ ಎಂಬ ಪದಗಳು ಹಳಗನ್ನಡವನ್ನು ಓದಿದವರಿಗೆ ಪರಿಚಿತವಾದವು. ತುಳುನಾಡಿನಲ್ಲಾದರೋ ಅವು ಊರಿನ ಹೆಸರುಗಳಲ್ಲಿ ಇನ್ನೂ ಜೀವಂತವಾಗಿವೆ. ಒಳನಾಡಿನ ಮೂಡುಬಿದಿರೆಗೆ ಕಡಲ ತಡಿಯಲ್ಲಿ ಪಡುಬಿದ್ರಿ ಎಂಬ ಜೊತೆಯುಂಟು. ಮೂಡುಕೊಣಾಜೆಗೆ ಪಡುಕೊಣಾಜೆ, ತೆಂಕಮಿಜಾರಿಗೆ ಬಡಗಮಿಜಾರು. ಇಷ್ಟು ಹೆಸರುಗಳನ್ನು ಒಂದು ಹಾಳೆಯ ಮೇಲೆ ಅವುಗಳ ಸ್ಥಾನದಲ್ಲಿ ಗುರುತಿಸಿದರೆ ಮಗುವು ತನ್ನ ಮೊದಲ ಭೂಪಟವನ್ನು ತಾನೇ ಬರೆದಂತಾಯಿತು.

ಭೂಸ್ವರೂಪದ ಪಾಠವೂ ಹೀಗೆಯೇ. ಬೈಲು, ಮಜಲು, ಬೆಟ್ಟು ಎಂದು ಇಲ್ಲಿಯ ಕೃಷಿಕರು ಗದ್ದೆಗಳನ್ನು ವಿಂಗಡಿಸಿದ್ದಾರೆ. ತಗ್ಗಿನಲ್ಲಿ ನೀರು ನಿಲ್ಲುವ ಬೈಲು ಮೂರು ಬೆಳೆಗಳನ್ನೂ, ನಡುವಣ ಮಜಲು ಎರಡನ್ನೂ, ಮಳೆಯನ್ನೇ ನಂಬಿದ ಎತ್ತರದ ಬೆಟ್ಟು ಒಂದನ್ನೂ ಕೊಡುತ್ತವೆ. ಏಣೇಲು, ಸುಗ್ಗಿ, ಕೊಳಕೆ ಎಂಬುವು ಆ ಬೆಳೆಗಳ ಹೆಸರು. ನೆಲದ ಎತ್ತರ, ನೀರು, ಮಣ್ಣು, ಬೆಳೆ ಇವುಗಳ ಸಂಬಂಧವನ್ನು ಇದಕ್ಕಿಂತ ಸಂಕ್ಷಿಪ್ತವಾಗಿ ಹೇಳುವ ಪರಿಭಾಷೆ ಯಾವ ಪಠ್ಯಪುಸ್ತಕದಲ್ಲಿಯೂ ಇರಲಾರದು. ಬೈಲಿನ ಗುಣವನ್ನು ಅರಿತ ಮಗುವಿಗೆ ನೈಲ್ ಮತ್ತು ಸಿಂಧೂ ನದಿಗಳ ತಗ್ಗುಭೂಮಿಗಳಲ್ಲಿಯೇ ಪ್ರಾಚೀನ ಬೇಸಾಯವು ಏಕೆ ಸಮೃದ್ಧಿಗೊಂಡಿತೆಂಬುದನ್ನು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ. ಗದ್ದೆಗಳು ಅಡಕೆ ತೋಟಗಳಾಗಿ ಮಾರ್ಪಟ್ಟಿರುವ ಕಡೆಗಳಲ್ಲಿ ಈ ಪದಗಳೂ ಮರೆಯಾಗುತ್ತಿವೆ. ಅಜ್ಜ ಅಜ್ಜಿಯರಿಂದ ಕೇಳಿ ಬರೆದುಕೊಂಡು ಬರುವಂತೆ ಮಕ್ಕಳಿಗೆ ಹೇಳುವುದು ಒಳ್ಳೆಯ ಮನೆಪಾಠ.

ಅಕ್ಷಾಂಶ ರೇಖಾಂಶಗಳು ಕಠಿನವೆಂದು ಭಾವಿಸಲಾಗಿದೆ. ಶಾಲೆಯ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಕೋಲು ಇವೆರಡನ್ನೂ ಕಲಿಸಬಲ್ಲದು. ಕೋಲಿನ ನೆರಳು ಅತ್ಯಂತ ಕಿರಿದಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ಋತುವಿಗನುಸಾರವಾಗಿ ಅದು ಕಾಲು ಗಂಟೆಯಷ್ಟು ಹಿಂದುಮುಂದಾಗುವುದುಂಟು. ಭಾರತದ ಗಡಿಯಾರವು 82½ ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಬೆಳುವಾಯಿಯಾದರೋ 75 ಡಿಗ್ರಿಯ ಸಮೀಪದಲ್ಲಿದೆ. ಡಿಗ್ರಿಯೊಂದಕ್ಕೆ ನಾಲ್ಕು ನಿಮಿಷದಂತೆ ಏಳೂವರೆ ಡಿಗ್ರಿಗೆ ಅರ್ಧ ಗಂಟೆ. ಭೂಮಿಯು ತಿರುಗುತ್ತಿದೆ ಎಂಬುದಕ್ಕೆ ಮಗುವಿಗೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ಇನ್ನು ಅಕ್ಷಾಂಶ: ಈ ಊರು 13 ಡಿಗ್ರಿ ಉತ್ತರದಲ್ಲಿರುವುದರಿಂದ ವರ್ಷಕ್ಕೆರಡು ಬಾರಿ, ಏಪ್ರಿಲ್ 24-25ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಸೂರ್ಯನು ನೆತ್ತಿಯ ಮೇಲೆ ಬಂದು ಕೋಲಿನ ನೆರಳು ಇಲ್ಲದಂತಾಗುತ್ತದೆ. ದೈವಯೋಗದಿಂದ ಮೊದಲನೆಯದು ಬೇಸಗೆಯ ರಜೆಯಲ್ಲಿಯೂ ಎರಡನೆಯದು ಮಳೆಗಾಲದ ಮೋಡದಲ್ಲಿಯೂ ಬೀಳುತ್ತದೆ! ಆದರೂ ರಜೆಯ ದಿನ ಮನೆಯಂಗಳದಲ್ಲಿ ನೋಡಲು ಅಡ್ಡಿಯಿಲ್ಲ. ಅದೇ ಅಕ್ಷಾಂಶದ ಗೆರೆಯನ್ನು ಹಿಡಿದು ಭೂಪಟದಲ್ಲಿ ಮೂಡಣಕ್ಕೆ ಬೆರಳನ್ನು ಸಾಗಿಸಿದರೆ ಬೆಂಗಳೂರು, ಚೆನ್ನೈ, ಸ್ವಲ್ಪ ಬಡಗಲಾಗಿ ಬ್ಯಾಂಕಾಕ್ ದೊರೆಯುತ್ತವೆ. ಪಡುವಣಕ್ಕೆ ಸಾಗಿಸಿದರೆ ಆಫ್ರಿಕವನ್ನು ದಾಟಿ, ಅಟ್ಲಾಂಟಿಕ್ ಸಾಗರದಾಚೆಯ ಬಾರ್ಬಡೋಸ್ ದ್ವೀಪವು ದೊರೆಯುತ್ತದೆ.

ಶಾಲೆಯ ಗೋಡೆಯ ಕೆಂಪುಕಲ್ಲಿಗೂ ಲೋಕದಲ್ಲಿ ಒಂದು ಸ್ಥಾನವುಂಟು. ಮುರಕಲ್ಲೆಂದೂ ಕರೆಯಲ್ಪಡುವ ಇದನ್ನು ನೆಲದಿಂದ ಇಟ್ಟಿಗೆಯಂತೆ ಕಡಿದು ತೆಗೆದರೆ ಗಾಳಿಗೆ ಗಡುಸಾಗುತ್ತದೆ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಈ ಶಿಲೆಯನ್ನು ಮಲಬಾರಿನಲ್ಲಿ ಗಮನಿಸಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಇದಕ್ಕೆ ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬರ್ಥದ ಶಬ್ದದಿಂದ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟನು. ಬ್ರೆಜಿಲ್, ಪಶ್ಚಿಮ ಆಫ್ರಿಕ ಮೊದಲಾದ ಬಿಸಿಲು ಮಳೆಗಳೆರಡೂ ಅಧಿಕವಾದ ನಾಡುಗಳಲ್ಲಿ ದೊರೆಯುವ ಇಂತಹ ಶಿಲೆಗೆಲ್ಲ ಇಂದು ಅದೇ ಹೆಸರು. ಮಳೆಯು ಮಣ್ಣಿನ ಇತರ ಸಾರವನ್ನು ತೊಳೆದೊಯ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳನ್ನು ಉಳಿಸುವುದೇ ಇದರ ಕೆಂಪಿಗೂ ಗಡುಸಿಗೂ ಕಾರಣ.

ಇಲ್ಲಿಗೆ ಒಂದು ಸೂಕ್ಷ್ಮ ಪ್ರಶ್ನೆ ಬರುತ್ತದೆ. ಮೂಡುಬಿದಿರೆಯು ರತ್ನಾಕರವರ್ಣಿಯ ಊರು. ಹದಿನಾರನೆಯ ಶತಮಾನದ ಈ ಸಾಂಗತ್ಯ ಕವಿಯ ‘ಭರತೇಶ ವೈಭವ’ದಲ್ಲಿ ಭರತ ಚಕ್ರವರ್ತಿಯು ದಿಗ್ವಿಜಯ ಮಾಡುವ ಲೋಕವು ಜೈನಾಗಮಗಳ ಜಂಬೂದ್ವೀಪ. ನಡುವೆ ಮೇರು, ಸುತ್ತಲೂ ಲವಣಸಮುದ್ರ, ತೆಂಕಣ ಅಂಚಿನಲ್ಲಿ ಆರು ಖಂಡಗಳ ಭರತಕ್ಷೇತ್ರ. (ಈ ಕವಿಯು ಕೆಲಕಾಲ ವೀರಶೈವನಾಗಿದ್ದು ಮತ್ತೆ ಜೈನನಾದನೆಂಬ ಪ್ರತೀತಿಯು ಸಾಹಿತ್ಯ ವಿದ್ಯಾರ್ಥಿಗಳಿಗೆ ತಿಳಿದದ್ದೇ.) ಕನ್ನಡದ ತರಗತಿಯಲ್ಲಿ ಜಂಬೂದ್ವೀಪವನ್ನೂ ಮುಂದಿನ ಗಂಟೆಯಲ್ಲಿ ಗುಂಡನೆಯ ಭೂಗೋಳವನ್ನೂ ಕಂಡ ಮಗುವು ಯಾವುದು ಸತ್ಯವೆಂದು ಕೇಳದೆ ಇರದು. ಒಂದನ್ನು ಹಳಿದು ಇನ್ನೊಂದನ್ನು ಹೊಗಳುವುದು ಸುಲಭ, ಆದರೆ ಅದು ಉತ್ತರವಲ್ಲ. ಆಗಮದ ಲೋಕವರ್ಣನೆಯು ಜೀವನ ಗತಿಗಳನ್ನೂ ಪುಣ್ಯಪಾಪಗಳ ಶ್ರೇಣಿಯನ್ನೂ ನಿರೂಪಿಸುವ ಚಿತ್ರ. ಹಡಗು ನಡೆಸುವವನ ಪಟವು ಅದರ ಉದ್ದೇಶವಲ್ಲ. ಅಳತೆಯ ಕೆಲಸವನ್ನು ಇದೇ ದೇಶದ ಗಣಿತಜ್ಞರು ಬೇರೆಯಾಗಿ ಮಾಡಿದ್ದರು. 499ರಲ್ಲಿ ಆರ್ಯಭಟನು ಭೂಮಿಯು ಗೋಲಾಕಾರವೆಂದೂ ತನ್ನ ಸುತ್ತ ತಾನು ತಿರುಗುವುದೆಂದೂ ಹೇಳಿದನು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಇಷ್ಟು ದೊಡ್ಡ ಗೋಲವು ಚಪ್ಪಟೆಯಾಗಿ ತೋರುವುದೇಕೆಂಬುದನ್ನೂ ವಿವರಿಸಿದ್ದಾನೆ. ಗುಂಡಗಿನ ಭೂಮಿಯು ಪರದೇಶದ ಹಡಗಿನಲ್ಲಿ ಬಂದಿಳಿದ ಕಲ್ಪನೆಯಲ್ಲವೆಂದು ಮಗುವಿಗೆ ಇಷ್ಟರಿಂದ ತಿಳಿದರೆ ಸಾಕು.

ಹಡಗುಗಳ ಮಾತು ಬಂದುದರಿಂದ ಸಾವಿರ ಕಂಬದ ಬಸದಿಯನ್ನು ನೆನೆಯಬೇಕು. 1430ರಲ್ಲಿ ನಿರ್ಮಾಣಗೊಂಡ ಈ ತ್ರಿಭುವನತಿಲಕ ಚೂಡಾಮಣಿ ಬಸದಿಗೆ ಅನಂತರ ಸೇರಿದ ಭೈರಾದೇವಿ ಮಂಟಪದ ತಳಭಾಗದಲ್ಲಿ ಜಿರಾಫೆಯೆಂದೂ ಚೀನಾದ ಡ್ರ್ಯಾಗನ್ ಎಂದೂ ಗುರುತಿಸಲಾಗುವ ಉಬ್ಬುಚಿತ್ರಗಳಿವೆ. ಜಿರಾಫೆಯು ಆಫ್ರಿಕದ ಪ್ರಾಣಿ. 1414ರಲ್ಲಿ ಬಂಗಾಳದ ಸುಲ್ತಾನನು ಚೀನಾದ ಚಕ್ರವರ್ತಿಗೆ ಒಂದು ಜಿರಾಫೆಯನ್ನು ಕಾಣಿಕೆಯಾಗಿ ಕಳುಹಿಸಿದ್ದನು; ಝೆಂಗ್ ಹೆ ಎಂಬ ಚೀನೀ ನಾವಿಕನ ನೌಕಾಪಡೆಗಳು 1405ರಿಂದ 1433ರವರೆಗೆ ಕಲ್ಲಿಕೋಟೆಯನ್ನು ಮುಟ್ಟಿ ಆಫ್ರಿಕದವರೆಗೆ ಸಂಚರಿಸಿದವು. ಕೆತ್ತಿದವನು ಆ ಮೃಗವನ್ನು ಕಂಡಿದ್ದನೋ, ನಾವಿಕರಿಂದ ಕೇಳಿದ್ದನೋ? ಮಕ್ಕಳು ಭೂಪಟವನ್ನು ಬಿಡಿಸಿಕೊಂಡು ಚರ್ಚಿಸಲಿ. ಇನ್ನೂ ಹಿಂದಕ್ಕೆ ಹೋದರೆ, ಕಲ್ಯಾಣದಲ್ಲಿ ಶರಣರ ಅನುಭಾವಗೋಷ್ಠಿ ನಡೆದ ಹನ್ನೆರಡನೆಯ ಶತಮಾನದಲ್ಲಿಯೇ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಮಂಗಳೂರಿನಲ್ಲಿ ನೆಲಸಿ ಏಡನ್ ಬಂದರಿನೊಡನೆ ವ್ಯಾಪಾರ ನಡೆಸಿದ್ದನು. ಅವನ ಪತ್ರಗಳು ಈಜಿಪ್ಟಿನ ಕೈರೋ ನಗರದ ಯಹೂದಿ ಮಂದಿರವೊಂದರಲ್ಲಿ ಉಳಿದು ಬಂದಿವೆ; ಅವನ ಸೇವಕನ ಹೆಸರು ಬೊಮ್ಮ ಎಂದು ವಿದ್ವಾಂಸರು ಓದಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತನು ಬಾರಕೂರು ಮಂಗಳೂರುಗಳನ್ನು ಹೆಸರಿಸಿ, ಪಾರಸಿಕ ಮತ್ತು ಯೆಮನ್ ದೇಶಗಳ ವರ್ತಕರು ಮೆಣಸಿಗಾಗಿ ಬರುತ್ತಿದ್ದುದನ್ನು ಬರೆದಿದ್ದಾನೆ. ಹಿತ್ತಿಲ ಮೆಣಸಿನ ಬಳ್ಳಿಯಿಂದ ಅರಬ್ಬೀ ಸಮುದ್ರದ ಪಾಠವನ್ನು ಆರಂಭಿಸಲು ಇಷ್ಟು ಆಧಾರ ಧಾರಾಳವಾಯಿತು.

ಆದಿಮಾನವನ ಚರಿತ್ರೆಯಲ್ಲಿ ಮಕ್ಕಳಿಗೆ ತೊಡಕಾಗುವುದು ಕಾಲದ ಪ್ರಮಾಣ. ಲಕ್ಷ ವರ್ಷವೆಂದರೂ ಕೋಟಿ ವರ್ಷವೆಂದರೂ ಮಗುವಿಗೆ ‘ಬಹಳ ಹಿಂದೆ’ ಅಷ್ಟೆ. ಒಂದು ಹಗ್ಗವನ್ನು ತೆಗೆದುಕೊಂಡು ಸಾವಿರ ವರ್ಷಕ್ಕೆ ಒಂದು ಸೆಂಟಿಮೀಟರಿನಂತೆ ಗುರುತು ಮಾಡಿದರೆ ಬಸದಿಯು ಆರು ಮಿಲಿಮೀಟರಿನಲ್ಲಿಯೂ ಶರಣರ ಕಾಲವು ಒಂಬತ್ತು ಮಿಲಿಮೀಟರಿನೊಳಗೂ ನಿಲ್ಲುತ್ತವೆ. ಪಶ್ಚಿಮ ಏಷ್ಯದಲ್ಲಿ ಬೇಸಾಯ ತೊಡಗಿದುದು ಹನ್ನೊಂದು ಸೆಂಟಿಮೀಟರಿನ ಆಸುಪಾಸಿನಲ್ಲಿ. ನಮ್ಮ ಜಾತಿಯ ಮಾನವನ ಅತಿ ಹಳೆಯ ಅವಶೇಷಗಳು ಮೊರಾಕ್ಕೊ ದೇಶದ ಜೆಬೆಲ್ ಇರ್‌ಹೂದ್‌ನವು. ಅವು ಸುಮಾರು 3 ಲಕ್ಷ ವರ್ಷಗಳಷ್ಟು ಹಳೆಯವೆಂದು 2017ರಲ್ಲಿ ಪ್ರಕಟವಾಯಿತು, ಅಂದರೆ ಹಗ್ಗದ ಮೂರು ಮೀಟರು. ಯಾದಗಿರಿ ಜಿಲ್ಲೆಯ ಹುಣಸಗಿಯ ಬಳಿಯ ಇಸಾಂಪುರದಲ್ಲಿ ಸುಣ್ಣಕಲ್ಲಿನ ಹಾಸಿನಿಂದ ಕೈಗೊಡಲಿಗಳನ್ನು ಮಾಡುತ್ತಿದ್ದ ಕಮ್ಮಟವೊಂದನ್ನು ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ಸಂಗಡಿಗರು ಉತ್ಖನನ ಮಾಡಿದರು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷಗಳೆಂದು ಗಣಿಸಲಾಗಿದೆ. ಹಗ್ಗವು ಹನ್ನೆರಡು ಮೀಟರಾಗಿ ತರಗತಿಯ ಬಾಗಿಲನ್ನು ದಾಟುತ್ತದೆ. ಆ ಕೊಡಲಿಗಳನ್ನು ಮಾಡಿದವರು ನಮ್ಮ ಜಾತಿಯವರಲ್ಲ, ಅದಕ್ಕೂ ಬಹು ಹಿಂದಿನ ಮಾನವ ಕುಲದವರು ಎಂಬುದನ್ನು ಹಗ್ಗವೇ ಹೇಳುತ್ತದೆ. ಭೂಮಿಯ ಹುಟ್ಟನ್ನು ಇದೇ ಅಳತೆಯಲ್ಲಿ ತೋರಿಸಬೇಕಾದರೆ 45 ಕಿಲೋಮೀಟರ್ ಹಗ್ಗ ಬೇಕು. ಬೆಳುವಾಯಿಯಲ್ಲಿ ಒಂದು ತುದಿಯನ್ನು ಕಟ್ಟಿದರೆ ಇನ್ನೊಂದು ತುದಿ ಮಂಗಳೂರನ್ನು ಮುಟ್ಟುತ್ತದೆ.

ಇದೇ ಹಗ್ಗದ ಮೇಲೆ ಮೂರು ಸೆಂಟಿಮೀಟರಿಗೆ ಸ್ವಲ್ಪ ಈಚೆಗೆ ಮೂಡುಕೊಣಾಜೆಯ ಕಲ್ಮನೆಗಳಿವೆ. ಮೂಡುಬಿದಿರೆಯಿಂದ ಶಿರ್ತಾಡಿಯ ಮಾರ್ಗದಲ್ಲಿ ಸುಮಾರು 8 ಕಿಲೋಮೀಟರ್ ದೂರದಲ್ಲಿ, ಕಲ್ಲುಗುಡ್ಡದ ಇಳಿಜಾರಿನಲ್ಲಿ, ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿಯನ್ನು ಹೊದಿಸಿದ ಒಂಬತ್ತು ಸಮಾಧಿಗಳಿದ್ದವು. ಇತಿಹಾಸಕಾರ ಪುಂಡಿಕಾಯಿ ಗಣಪಯ್ಯ ಭಟ್ಟರು 1980ರ ದಶಕದಲ್ಲಿ ಈ ನೆಲೆಯನ್ನು ವಿದ್ವತ್‌ಲೋಕದ ಗಮನಕ್ಕೆ ತಂದರು. ಇಂದು ಅವುಗಳಲ್ಲಿ ಸುಸ್ಥಿತಿಯಲ್ಲಿರುವುದು ಎರಡು ಮಾತ್ರ. 2022ರಲ್ಲಿ ಶಿರ್ವದ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಟಿ. ಮುರುಗೇಶಿಯವರು ಇಲ್ಲಿ ಸುಟ್ಟ ಮಣ್ಣಿನ ಎಂಟು ಬೊಂಬೆಗಳನ್ನು ಗುರುತಿಸಿದರು. ಅವುಗಳಲ್ಲಿ ಮನುಷ್ಯದೇಹಕ್ಕೆ ಗೂಳಿಯ ಮುಖವುಳ್ಳ ಮೂರ್ತಿ, ಮಾತೃದೇವತೆ, ನವಿಲುಗಳು, ಕುದುರೆ ಮುಂತಾದುವಿವೆ. ಕ್ರಿ.ಪೂ. 800-700ರ ಕಾಲಕ್ಕೆ ಇವು ಸೇರಿದವೆಂದು ಅವರ ಅಭಿಪ್ರಾಯ. ದೈವಾರಾಧನೆಯ ನಾಡಿನ ಮಗುವಿಗೆ ಗೂಳಿಮುಖದ ಮೂರ್ತಿಯನ್ನು ಕಂಡೊಡನೆ ಮೈಸಂದಾಯನ ನೆನಪಾಗುವುದು ಸಹಜವೇ. ಆದರೆ ನಡುವಿನ ಎರಡೂವರೆ ಸಾವಿರ ವರ್ಷಗಳನ್ನು ಒಂದೇ ನೆಗೆತದಲ್ಲಿ ದಾಟುವುದು ಇತಿಹಾಸವಲ್ಲ. ಹೋಲಿಕೆಯನ್ನು ಪ್ರಶ್ನೆಯಾಗಿ ಬರೆದಿಟ್ಟುಕೊಳ್ಳುವುದು ಇತಿಹಾಸ.

ಪಠ್ಯದ ಒಂದು ಶಬ್ದವನ್ನು ಇಲ್ಲಿ ತಿದ್ದಿಕೊಳ್ಳುವುದು ಅವಶ್ಯ. ‘ಬೃಹತ್ ಶಿಲಾಯುಗ’ವೆಂಬ ಹೆಸರನ್ನು ಕೇಳಿದ ಮಗುವು ಈ ಜನರು ಕಲ್ಲಿನ ಆಯುಧಗಳನ್ನು ಬಳಸುತ್ತಿದ್ದರೆಂದೇ ಭಾವಿಸುತ್ತದೆ. ದಕ್ಷಿಣ ಭಾರತದ ಈ ಸಮಾಧಿಗಳನ್ನು ಕಟ್ಟಿದವರು ಮುಖ್ಯವಾಗಿ ಕಬ್ಬಿಣವನ್ನು ಬಲ್ಲ ಜನ; 1947ರಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಬ್ರಹ್ಮಗಿರಿಯ ಉತ್ಖನನವೂ ಇದನ್ನೇ ತೋರಿಸಿತು. ಬೃಹತ್ತಾದುದು ಸಮಾಧಿಯ ಶಿಲೆ, ಶಿಲೆಯ ಯುಗವಲ್ಲ. ‘ಬೃಹತ್ ಶಿಲಾ ಸಂಸ್ಕೃತಿ’ ಎಂದರೆ ಈ ಗೊಂದಲವೇ ಉಂಟಾಗದು.

ಸ್ಥಳೀಯರು ಈ ಕಲ್ಮನೆಗಳನ್ನು ಪಾಂಡವರ ಕಲ್ಲು ಎನ್ನುತ್ತಾರೆ. ಕೊಡಗಿನಲ್ಲಿಯೂ ಇಂತಹವು ಪಾಂಡವರ ಹೆಸರನ್ನೇ ಹೊತ್ತಿವೆ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಜನ ಮೋರ್ಯರೆಂಬ ಕುಳ್ಳರ ಮನೆಗಳೆಂದರು. ಹಂಪೆಯ ಸಮೀಪದ ನಿಂಬಾಪುರದಲ್ಲಿ ನವಶಿಲಾಯುಗದ ಬೂದಿದಿಬ್ಬವು ವಾಲಿಯನ್ನು ದಹಿಸಿದ ಸ್ಥಳವೆನಿಸಿದೆ. ಉಪಾಧ್ಯಾಯರು ಇದನ್ನು ಮೌಢ್ಯವೆಂದು ನಗೆಯಾಡಿದರೆ ಮಗುವು ತನ್ನ ಅಜ್ಜನನ್ನೂ ಪಾಠವನ್ನೂ ಎರಡು ಬೇರೆ ಲೋಕಗಳಾಗಿ ಭಾವಿಸುತ್ತದೆ, ಎರಡರಲ್ಲೊಂದನ್ನು ತೊರೆಯುತ್ತದೆ. ಇಷ್ಟು ಭಾರದ ಚಪ್ಪಡಿಯನ್ನು ಎತ್ತಿದವರಾರು ಎಂಬುದು ಹಿರಿಯರು ಕೇಳಿದ ಪ್ರಶ್ನೆ. ಭೀಮನಲ್ಲದೆ ಇನ್ನಾರು ಎಂಬುದು ಅವರಿಗೆ ದೊರೆತ ಉತ್ತರ. ಪುರಾತತ್ತ್ವಜ್ಞರು ಕೇಳುವುದೂ ಅದೇ ಪ್ರಶ್ನೆಯನ್ನೇ. ಬಂಡೆಯು ಎಲ್ಲಿ ಸೀಳಲ್ಪಟ್ಟಿತು, ಎಷ್ಟು ಜನ ಬೇಕಾಯಿತು, ಒಳಗೆ ಯಾರನ್ನು, ಏನೇನಿರಿಸಿ ಹೂಳಿದರು ಎಂದು ಅವರು ಮುಂದುವರಿಯುತ್ತಾರೆ. ಪಾಂಡವರ ಹೆಸರು ಇದ್ದುದರಿಂದ ಆ ಕಲ್ಲುಗಳಲ್ಲಿ ಕೆಲವಾದರೂ ಇಷ್ಟುಕಾಲ ಕದಲದೆ ಉಳಿದವೆಂಬುದನ್ನೂ ಮರೆಯಲಾಗದು. ಹೆಸರು ಮರೆತು, ಅದರ ಸ್ಥಾನದಲ್ಲಿ ಅರಿವೂ ಬಾರದಿದ್ದರೆ ಚಪ್ಪಡಿಯು ಬರಿಯ ಚಪ್ಪಡಿಯಾಗಿ ಹೊಸ ಮನೆಯ ಮೆಟ್ಟಿಲಾಗುತ್ತದೆ.

ಡಾ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಇದೇ ಜಿಲ್ಲೆಯಲ್ಲಿ ಕುಳಿತು ಕನ್ನಡದ ಮಕ್ಕಳಿಗಾಗಿ ರಚಿಸಿದಾಗ ಲೋಕವನ್ನು ಊರಿಗೆ ತರುವುದು ದೊಡ್ಡ ಕೆಲಸವಾಗಿತ್ತು. ಇಂದು ಚಿತ್ರವೂ ಭೂಪಟವೂ ಸುಲಭವಾಗಿ ಸಿಗುತ್ತವೆ, ಊರಿನ ಕಲ್ಲು ಮಾತ್ರ ಅಪರಿಚಿತವಾಗುತ್ತಿದೆ. ಮೂಡುಕೊಣಾಜೆಗೆ ಮಕ್ಕಳನ್ನು ಕರೆದೊಯ್ಯುವುದಾದರೆ ಮಳೆಗಾಲ ಕಳೆದು ಹುಲ್ಲು ಒಣಗಿದ ಮೇಲೆ ಒಳ್ಳೆಯದು. ಒಂದು ಅಳತೆಪಟ್ಟಿ, ದಿಕ್ಸೂಚಿ, ಗೆರೆಯಿಲ್ಲದ ಹಾಳೆಗಳು, ಮತ್ತು ಆ ಹಗ್ಗ ಇಷ್ಟಿದ್ದರೆ ಸಾಕು. ಕಲ್ಲನ್ನು ಅಲುಗಿಸಬಾರದು, ಮಣ್ಣನ್ನು ಕೆದಕಬಾರದು, ಬಿದ್ದ ಹೆಂಚಿನ ಚೂರನ್ನೂ ಜೇಬಿಗೆ ಹಾಕಿಕೊಳ್ಳಬಾರದು ಎಂದು ಮೊದಲೇ ಹೇಳಿರಬೇಕು. ಚಪ್ಪಡಿಗಳ ಉದ್ದಗಲ, ಅವು ಮುಖಮಾಡಿದ ದಿಕ್ಕು, ಬಿದ್ದಿರುವವು ಎಷ್ಟು, ನಿಂತಿರುವವು ಎಷ್ಟು ಎಂಬುದನ್ನು ಪ್ರತಿ ವರ್ಷದ ತರಗತಿಯೂ ಒಂದೇ ಪುಸ್ತಕದಲ್ಲಿ ಬರೆದಿಡಲಿ. ಊರಿನ ಹಿರಿಯರು ಹೇಳುವ ಕಥೆಯನ್ನೂ, ಸಾಧ್ಯವಾದರೆ ಅವರಾಡಿದ ತುಳುವಿನಲ್ಲಿಯೇ, ಅದೇ ಪುಟದಲ್ಲಿ ಬರೆಯಲಿ.