ಅಡಿಗೆಮನೆಯ ಕಸಕ್ಕೆ ಬೇರೊಂದು ಡಬ್ಬ



ತಿಪ್ಪೆಯ ವಿಷಯವಾಗಿ ನಾನು ನಿಮಗೆ ಹೊಸದಾಗಿ ಹೇಳತಕ್ಕದ್ದು ಬಹಳವಿಲ್ಲ. ನಿಮ್ಮ ಅಜ್ಜಂದಿರ ಕಾಲದಿಂದಲೂ ಮನೆ ಗುಡಿಸಿದ ಕಸ, ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ತರಕಾರಿ ಸಿಪ್ಪೆ ಎಲ್ಲವೂ ತಿಪ್ಪೆಗೇ ಹೋಗುತ್ತಿದ್ದವು. ಬೇಸಿಗೆಯಲ್ಲಿ ಗಾಡಿ ಕಟ್ಟಿ ಹೊಲಕ್ಕೆ ಸಾಗಿಸಿದರೆ ಕೆಲಸ ಮುಗಿಯುತ್ತಿತ್ತು. ಮಣ್ಣು ಅರಗಿಸಿಕೊಳ್ಳಲಾರದ ಪದಾರ್ಥ ಆ ತಿಪ್ಪೆಯಲ್ಲಿ ಇರುತ್ತಿದ್ದುದೇ ಅಪರೂಪ. ಇಂದಿನ ತಿಪ್ಪೆಯನ್ನು ಒಮ್ಮೆ ಕೆದಕಿ ನೋಡಿರಿ. ಹಾಲಿನ ಕವರು, ಶಾಂಪೂ ಪೊಟ್ಟಣ, ಮಾತ್ರೆಯ ಹಾಳೆ, ಒಡೆದ ಬಲ್ಬು! ಇವೆಲ್ಲ ಗೊಬ್ಬರದೊಡನೆ ಹೊಲ ಸೇರಿ, ನೇಗಿಲಿಗೆ ಸಿಕ್ಕಿ ಚೂರಾಗಿ, ಅಲ್ಲಿಯೇ ಉಳಿಯುತ್ತವೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಡಿಪ್ಲೊಮಾದಲ್ಲಿ ಓದಿದ್ದನ್ನು ಹಾಗೆಯೇ ಒಪ್ಪಿಸುತ್ತ, "ಕೊಳೆಯುವುದೆಲ್ಲ ಗೊಬ್ಬರವೇ, ಯಾವುದನ್ನೂ ಬಿಸಾಡಬೇಡಿ, ತಿಪ್ಪೆಗೆ ಹಾಕಿ" ಎಂದು ಊರೂರಿನಲ್ಲಿ ಹೇಳುತ್ತಿದ್ದೆ. ಒಂದು ಮನೆಯವರು ಮದುವೆಯ ಮಾರನೆಯ ದಿನ ಮಿಕ್ಕ ಅನ್ನ, ಪಾಯಸ, ಉಂಡ ಎಲೆ ಎಲ್ಲವನ್ನೂ ತಿಪ್ಪೆಯ ಮೇಲೆ ಸುರಿದರು. ಪಕ್ಕದ ಮನೆಯ ಕರೆಯುವ ಹಸು ಹಗ್ಗ ಬಿಚ್ಚಿಕೊಂಡು ಬಂದು ಹೊಟ್ಟೆ ಬಿರಿಯ ತಿಂದಿತು. ಸಂಜೆಗೆ ಮೆಲುಕು ನಿಂತಿತು. ಬೆಳಗಾಗುವಷ್ಟರಲ್ಲಿ ಹಸು ಸತ್ತಿತ್ತು. ಅನ್ನ ಹೊಟ್ಟೆಯಲ್ಲಿ ಹುಳಿತು ಆಮ್ಲ ಏರಿದ್ದೇ ಕಾರಣವೆಂದು ಪಶುವೈದ್ಯರು ಹೇಳಿದರು. ಮದುವೆ ಮನೆಯ ಹಿರಿಯರು ನನ್ನನ್ನು ಬೈಯಲಿಲ್ಲ. "ತಿಪ್ಪೆಗೆ ಹಾಕಿ ಅಂತ ನೀವೇ ಹೇಳಿದ್ದಲ್ವಾ ಸ್ವಾಮಿ" ಎಂದರು, ಅಷ್ಟೆ. ನಾನು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತು. ಉಳಿದರ್ಧವನ್ನು ಈಗ ಬರೆಯುತ್ತಿದ್ದೇನೆ.

ಹಿಂದೆ ಅಡಿಗೆಮನೆಯ ಮಿಗತೆ ಮೊದಲು ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು. ಅಕ್ಕಿ ತೊಳೆದ ನೀರು, ಗಂಜಿ, ಹಣ್ಣಿನ ಸಿಪ್ಪೆ ದನದ ಪಾಲು. ದನವಿರುವ ಮನೆಯಲ್ಲಿ ಇಂದಿಗೂ ಹಾಗೆಯೇ ನಡೆಯಲಿ. ಆದರೆ ಅನೇಕ ಮನೆಗಳಲ್ಲಿ ಈಗ ದನವಿಲ್ಲ, ಬಾನಿಯೂ ಇಲ್ಲ. ಇದ್ದ ಮನೆಯಲ್ಲಿಯೂ ಬೂಸಲು ಹಿಡಿದ ಅನ್ನ, ಈರುಳ್ಳಿ ಸಿಪ್ಪೆ, ಚಹಾದ ಚರಟ, ಮೊಟ್ಟೆಯ ಸಿಪ್ಪೆ, ಮೀನಿನ ಮುಳ್ಳು ದನಕ್ಕೆ ಕೊಡತಕ್ಕವಲ್ಲ. ಇವುಗಳಿಗಾಗಿಯೇ ಒಂದು ಬೇರೆ ಡಬ್ಬ ಬೇಕು.

ಈ ಡಬ್ಬಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಗೋಡೆಗೆ ಬಣ್ಣ ಹೊಡೆಸಿದಾಗ ಉಳಿದ ಮುಚ್ಚಳವಿರುವ ಬಕೆಟ್ಟನ್ನು ಚೆನ್ನಾಗಿ ತೊಳೆದರೆ ಸಾಕು. ತಳಕ್ಕೆ ಎರಡು ಹಿಡಿ ತರಗೆಲೆ ಹಾಕಿರಿ; ನೀರಿನಂಶ ಹೀರಿಕೊಂಡು ವಾಸನೆ ಏಳಗೊಡುವುದಿಲ್ಲ. ಪ್ರತಿದಿನ, ಇಲ್ಲವೇ ದಿನ ಬಿಟ್ಟು ದಿನ, ಗುಂಡಿಗೆ ಸುರಿಯಬೇಕು. ಇಲ್ಲೊಂದು ಮಾತು ಹೇಳದೆ ಇರಲಾರೆ. ಡಬ್ಬ ತುಂಬುವುದು ಹೆಂಗಸರ ಕೈ. ಸುರಿಯುವುದನ್ನೂ ಅವರ ತಲೆಗೇ ಕಟ್ಟಿದ ಮನೆಗಳಲ್ಲಿ ಒಂದು ತಿಂಗಳಿಗೇ ಈ ಪದ್ಧತಿ ನಿಂತುಹೋದುದನ್ನು ಕಂಡಿದ್ದೇನೆ. ಬೆಳಿಗ್ಗೆ ಹೊಲಕ್ಕೆ ಹೊರಡುವ ಗಂಡಸರೇ ಡಬ್ಬವನ್ನು ಎತ್ತಿಕೊಂಡು ಹೋಗತಕ್ಕದ್ದು.

ಬೇರ್ಪಡಿಸುವಾಗ ಕಣ್ಣು ತಪ್ಪಿಸುವ ವಸ್ತುಗಳು ಬಹಳ ಸಣ್ಣವು: ಹಾಲಿನ ಕವರಿನಿಂದ ಕತ್ತರಿಸಿದ ಮೂಲೆ, ಸೊಪ್ಪಿನ ಕಟ್ಟಿಗೆ ಹಾಕಿದ ರಬ್ಬರು, ಸೇಬಿನ ಮೇಲಿನ ಚೀಟಿ. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಒಂದು ಕಡೆ ಅಂಟಿಕೊಂಡಿರುವಂತೆ ಬಿಟ್ಟರೆ ಆ ತೊಂದರೆಯೇ ಇಲ್ಲ. ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಒಂದು ಚೀಲದಲ್ಲಿಟ್ಟು ಪಂಚಾಯಿತಿಯ ಕಸದ ಗಾಡಿಗೆ ಕೊಡಿರಿ. ಒಲೆಗೆ ಹಾಕಿ ಸುಡಬೇಡಿರಿ, ಆ ಹೊಗೆ ವಿಷ. ಬ್ಲೇಡು, ಸೂಜಿ, ಬಲ್ಬು, ಬ್ಯಾಟರಿ ಸೆಲ್ಲು ಇವು ಮತ್ತೂ ಬೇರೆ. ದನ ಮೇವನ್ನು ಅಗಿದು ನೋಡಿ ನುಂಗುವ ಪ್ರಾಣಿಯಲ್ಲ. ಸಾರಿನ ವಾಸನೆಯಿರುವ ಕವರನ್ನು ಹಾಗೆಯೇ ನುಂಗುತ್ತದೆ. ಅದು ಅರಗುವುದಿಲ್ಲ, ಸಗಣಿಯಲ್ಲಿ ಹೋಗುವುದೂ ಕಷ್ಟ. ವರ್ಷಗಟ್ಟಲೆ ಕೂಡಿ ಉಂಡೆಯಾಗಿ ಮೇವಿಗೆ ಜಾಗವಿಲ್ಲದಂತೆ ಮಾಡುತ್ತದೆ. ತಂತಿ ಅಥವಾ ಸೂಜಿಯಾದರೆ ಇನ್ನೂ ಕೆಟ್ಟದ್ದು. ಹೊಟ್ಟೆಯ ಮುಂಭಾಗದ ಚೀಲದಲ್ಲಿ ಅದು ನಿಲ್ಲುತ್ತದೆ. ಆ ಚೀಲದ ಆಚೆಗೇ ಹೃದಯವಿರುವುದರಿಂದ ಚುಚ್ಚಿಕೊಂಡು ಅಲ್ಲಿಯವರೆಗೂ ಹೋಗಬಹುದು.

ಇನ್ನು ಗುಂಡಿಯ ವಿಚಾರ. ನೀರು ನಿಲ್ಲದ ಎತ್ತರದ ಜಾಗದಲ್ಲಿ, ಬಾವಿಯಿಂದ ದೂರ, ಮರದ ನೆರಳಿನಲ್ಲಿ ೩ ಅಡಿ ಆಳ, ೪ ಅಡಿ ಅಗಲ, ೬ ಅಡಿ ಉದ್ದದ ಎರಡು ಗುಂಡಿಗಳಿರಲಿ. ಒಂದು ತುಂಬುವಾಗ ಇನ್ನೊಂದು ಕಳಿಯುತ್ತಿರುತ್ತದೆ. ತಳಕ್ಕೆ ಅರ್ಧ ಅಡಿ ಒಣಕಸ ಹಾಕಿರಿ. ಅದರ ಮೇಲೆ ಡಬ್ಬದ ಹಸಿಕಸವನ್ನು ತೆಳುವಾಗಿ ಹರಡಿ, ಸಗಣಿ ಬಗ್ಗಡ ಚಿಮುಕಿಸಿ, ಮತ್ತೆ ಒಣಕಸ ಮುಚ್ಚಬೇಕು. ಲೆಕ್ಕ ಸುಲಭ: ಒಂದು ಡಬ್ಬ ಹಸಿಗೆ ಎರಡು ಡಬ್ಬ ಒಣದ್ದು. ಹಸಿಕಸದಲ್ಲಿ ಸಾರಜನಕ ಹೆಚ್ಚು, ತರಗು ಹುಲ್ಲಿನಲ್ಲಿ ಇಂಗಾಲ ಹೆಚ್ಚು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಂಗಾಲ ೨೫ರಿಂದ ೩೦ ಪಾಲು ದೊರೆತರೆ ಕೆಲಸ ಚೆನ್ನಾಗಿ ನಡೆಯುತ್ತದೆ. ಬೂದಿಯನ್ನು ಮಾತ್ರ ರಾಶಿ ಸುರಿಯಬೇಡಿರಿ. ಸಾರಜನಕ ಗಾಳಿಗೆ ಹಾರಿಹೋಗುತ್ತದೆ.

ಇದು ಯಾರೋ ಪಟ್ಟಣದವರು ಕುಳಿತು ಕಲ್ಪಿಸಿದ ಪದ್ಧತಿಯಲ್ಲ. ಆಲ್ಬರ್ಟ್ ಹೊವಾರ್ಡ್ ಎಂಬವರು ೧೯೨೪ರಿಂದ ೧೯೩೧ರವರೆಗೆ ಇಂದೋರಿನಲ್ಲಿ ನಮ್ಮ ದೇಶದ ರೈತರ ಹೊಲದ ಕಸ, ಸಗಣಿಗಳಿಂದಲೇ ಇದನ್ನು ಹದಕ್ಕೆ ತಂದರು. ಅವರ ಕ್ರಮದಲ್ಲಿ ಗುಂಡಿಯನ್ನು ಮೂರು ಸಲ ಮಗುಚುತ್ತಾರೆ. ೩ ತಿಂಗಳಿಗೆ ಗೊಬ್ಬರ ಸಿದ್ಧ. ಮಗುಚಲು ಆಳು ಸಿಕ್ಕದವರಿಗೆ ಸಿ. ಎನ್. ಆಚಾರ್ಯ ಅವರು ೧೯೩೯ರಲ್ಲಿ ತಿಳಿಸಿದ ಬೆಂಗಳೂರು ಪದ್ಧತಿ ಇದೆ. ಅದರಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಕೆಸರು ಮೆತ್ತಿ ಬಿಟ್ಟುಬಿಡುವುದು. ಕಾಲ ಹೆಚ್ಚು ಹಿಡಿಯುತ್ತದೆ, ಶ್ರಮ ಕಡಿಮೆ. ಕೂಲಿಯ ಇಂದಿನ ದರ ನೋಡಿದರೆ ಹೆಚ್ಚಿನವರಿಗೆ ಎರಡನೆಯದೇ ಒಗ್ಗೀತು.

ಮಗುಚುವ ಪದ್ಧತಿಯಲ್ಲಿ ಗುಂಡಿಯ ಆರೋಗ್ಯವನ್ನು ಹೀಗೆ ಪರೀಕ್ಷಿಸಬಹುದು. ತುಂಬಿದ ನಾಲ್ಕೈದು ದಿನಕ್ಕೆ ಒಂದು ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಸರಿಯಾಗಿದೆ. ಆ ಕಾವಿಗೆ ಕಳೆಯ ಬೀಜವೂ ನೊಣದ ಹುಳುವೂ ಸಾಯುತ್ತವೆ. (ಕಾವು ಏರದ ಗೊಬ್ಬರ ಹಾಕಿದವರ ಮೆಣಸಿನಗಿಡದ ಸಾಲಿನಲ್ಲಿ ಟೊಮೆಟೊ, ಕುಂಬಳ ಮೊಳೆಯುತ್ತವೆ, ಅಂಥ ತೋಟ ನನ್ನದೂ ಒಂದಿತ್ತು.) ಹಿಡಿ ಕಸ ಹಿಂಡಿದರೆ ಒಂದೆರಡು ಹನಿ ಬರಬೇಕು. ಧಾರೆಯಾಗಿ ಸುರಿದು ನಾರಿದರೆ ಒಣಕಸ ಸೇರಿಸಿ ಮಗುಚಿರಿ. ಇರುವೆ ಗೂಡು ಕಟ್ಟಿದರೆ ನೀರು ಸಾಲದು.

ಇಷ್ಟು ಮಾಡಿದರೆ ರಾಶಿ ಗೊಬ್ಬರ ಸಿಕ್ಕುತ್ತದೆಂದು ನಾನು ಆಸೆ ತೋರಿಸುವುದಿಲ್ಲ. ದಿನಕ್ಕೆ ಒಂದು ಕಿಲೋ ಹಸಿಕಸವೆಂದರೂ ಅದರಲ್ಲಿ ಮುಕ್ಕಾಲು ಪಾಲು ನೀರು. ವರ್ಷಕ್ಕೆ ಅದರಿಂದಲೇ ಒಂದು ಕ್ವಿಂಟಾಲ್ ಗೊಬ್ಬರವಾದರೆ ಹೆಚ್ಚು. ಮಳೆಯಾಶ್ರಿತ ರಾಗಿಗೆ ಎಕರೆಗೆ ಬೇಕಾದುದು ಸುಮಾರು ೩ ಟನ್. ಆದರೆ ಈ ಹಸಿಕಸ ಹೆಪ್ಪಿನಂತೆ ಕೆಲಸ ಮಾಡುತ್ತದೆ. ತೋಟದ ಗರಿಚೂರು, ಕಬ್ಬಿನ ರವದಿ, ಹೊಂಗೆ ತರಗು ಎಂದು ನೀವು ಬೆಂಕಿಯಿಡುವ ಒಣಕಸವೆಲ್ಲ ಇದರ ಜೊತೆ ಸೇರಿ ಕಳಿತರೆ ಟನ್ನಿನ ಲೆಕ್ಕ ಬರುತ್ತದೆ.

ಮದುವೆ, ತಿಥಿ, ಜಾತ್ರೆಯ ಅನ್ನದ ವಿಷಯ ಮರೆಯಬಾರದು. ಕೆಡದೆ ಮಿಕ್ಕಿದ್ದನ್ನು ಅಂದೇ ಹಂಚಿಬಿಡಿರಿ. ಉಳಿದುದನ್ನು ಅದೇ ರಾತ್ರಿ ಗುಂಡಿಯಲ್ಲಿ ತೆಳುವಾಗಿ ಹರಡಿ, ಪದರಕ್ಕೊಮ್ಮೆ ತರಗು ಹಾಕಿ, ಮೇಲೆ ಅರ್ಧ ಅಡಿ ಮಣ್ಣು, ಅದರ ಮೇಲೆ ಜಾಲಿ ಮುಳ್ಳು ಹೊದಿಸಿರಿ. ಅಷ್ಟಾಗಿಯೂ ದನ ಬಾಯಿ ಹಾಕಿ ಹೆಚ್ಚು ತಿಂದಿದೆಯೆಂದು ಸಂಶಯ ಬಂದರೆ ಬೆಳಗಾಗಲೆಂದು ಕಾಯಬೇಡಿರಿ. ಕೂಡಲೇ ಹತ್ತಿರದ ಪಶುವೈದ್ಯರಿಗೆ ತಿಳಿಸಿರಿ, ಇಲ್ಲವೇ ಸಂಚಾರಿ ಪಶುಚಿಕಿತ್ಸಾ ವಾಹನದ ಉಚಿತ ದೂರವಾಣಿ ಸಂಖ್ಯೆ ೧೯೬೨ಕ್ಕೆ ಕರೆಮಾಡಿರಿ.

ಗುಂಡಿ ತೋಡುವವರು ಮಳೆಗಾಲಕ್ಕೆ ಮುಂಚೆ ನನಗೆ ಹೇಳಿ ಕಳುಹಿಸಿದರೆ ಹಗ್ಗ, ಗೂಟ ತಂದು ಅಳತೆ ಹಾಕಿಕೊಡುತ್ತೇನೆ. ಹಾರೆ, ಗುದ್ದಲಿ ನಿಮ್ಮದು.